ಮೇನ್ ಸ್ವಿಚ್ಚಿನ ಶ್ರುತಿ

ಸೆಪ್ಟೆಂಬರ್ 8, ಸೋಮವಾರ. ಮಧ್ಯಾಹ್ನ

ಮತ್ತೆ ಶುರು. ಅಕ್ಕಿ ಕಡೆಯಲು ಗ್ರೈಂಡರ್ ಹಾಕಿದ್ದೇ ತಡ, ಮೇನ್ ಸ್ವಿಚ್ ಇರುವ ಗೋಡೆ ಗುಂಯ್... ಗ್ರೈಂಡರಿನದು ಗಡಗಡ. ಇದು ಬೇರೆ. ಯಾರೋ ಬಾಯಿ ಮುಚ್ಚಿಕೊಂಡು ಸ್ವರ ಹಿಡಿದ ಹಾಗೆ. ಗ್ರೈಂಡರ್ ನಿಲ್ಲಿಸಿ ಗೀಸರ್ ಹಾಕಿದೆ. ಆಗಲೂ ಗುಂಯ್. ಎರಡೂ ಬಂದ್ ಮಾಡಿದರೆ ಗೋಡೆಯೂ ಗಪ್‌ಚಿಪ್.

ಅತ್ತೆ ಪೇಟೆಯಲ್ಲಿ ಮೀನು ಮಾರಿ ಆಗಷ್ಟೇ ಬಂದಿದ್ದರು. "ಎಂತ ಮರಾಯ್ತಿ ಅದ್? ಗೋಡೆ ಒಳ್ಗೆ ದುಂಬಿ ಹೊಕ್ಕಿತಾ? ಕಿಟ್ಟಂಗೆ ಫೋನ್ ಮಾಡ್."

ಕಿಟ್ಟ ನಮ್ಮ ಊರು ಕೋಡಿಯ ಕರೆಂಟ್ ಕೆಲಸದವ. "ಮಾಡ್ತೆ" ಅಂದೆ. ಮಾಡಲಿಲ್ಲ.

ಸೆಪ್ಟೆಂಬರ್ 10. ಮಧ್ಯಾಹ್ನ, ಊಟ ಆದ ಮೇಲೆ

ಅತ್ತೆ ಇನ್ನೂ ಬಂದಿಲ್ಲ. ಗೀಸರ್ ಹಾಕಿ ಗೋಡೆ ಪಕ್ಕ ಚಾಪೆಯಲ್ಲಿ ಮಲಗಿದ್ದೇನೆ. ಬೆಚ್ಚಗೆ, ಅರೆ ನಿದ್ದೆ. ಆಚೆ ಕಡಲು, ಈಚೆ ಇದು.

ಈಗ ಗೊತ್ತಾಯಿತು ಯಾಕೆ ಫೋನ್ ಮಾಡಲಿಲ್ಲ ಅಂತ. ಇದು ನನ್ನ ಅಪ್ಪಯ್ಯನ ಸ್ವರ. ಮಂದಿರದಲ್ಲಿ ಭಜನೆ ಎತ್ತುವ ಮೊದಲು ಅಪ್ಪಯ್ಯ ಕಣ್ಣು ಮುಚ್ಚಿ, ಬಾಯಿ ಮುಚ್ಚಿ, ಹೂಂ... ಅಂತ ಹಿಡಿಯುತ್ತಿದ್ದರು. ಹೆಂಗಸರು ಸೆರಗು ಸರಿಮಾಡಿ, ಮಕ್ಕಳು ಸುಮ್ಮನಾಗಿ, ತಾಳ ಕೈಗೆ ಬರುವವರೆಗೂ. ಆ ಹೂಂ ಮೇಲೆ ನಾನು ಎಷ್ಟು ವರ್ಷ ಹಾಡಿದೆ! ಅಪ್ಪಯ್ಯ ಹೋದ ಮೇಲೆ ನನಗೆ ಒಂದು ಸಾಲೂ ಬಂದಿಲ್ಲ.

ಮಂದಿರದ ವನಜಕ್ಕ ಬೆಳಿಗ್ಗೆ ಹೇಳಿ ಹೋದರು. "ನವರಾತ್ರಿ ಎರಡನೇ ದಿನದ ಭಜನೆ ನಿಮ್ಮನೆಯದ್ದ್. ಅಪ್ಪಯ್ಯನ ಜಾಗದಗೆ ನೀನೇ ಎತ್ಕ್, ಧನ್ಯ. ಆತಿಲ್ಲ ಅಂದ್ರೆ ಹೇಳ್, ರೆಕಾರ್ಡ್ ಹಾಕ್ತೊ."

ಅಪ್ಪಯ್ಯನ ಜಾಗದಲ್ಲಿ ರೆಕಾರ್ಡ್! ಮೈ ಉರಿಯಿತು.

ಸೆಪ್ಟೆಂಬರ್ 12. ಮಧ್ಯಾಹ್ನ

ಹಾಡಿದೆ!

ಗೀಸರ್ ಹಾಕಿ, ಅಕ್ಕಿಯಿಲ್ಲದ ಗ್ರೈಂಡರನ್ನೂ ಒಂಚೂರು ತಿರುಗಿಸಿದೆ. ಗೋಡೆ ಗಟ್ಟಿಯಾಗಿ ಹಿಡಿಯಿತು. ಕಣ್ಣು ಮುಚ್ಚಿದೆ. ಮೊದಲ ಸಾಲು ಬಂತು, ಎರಡನೆಯದೂ ಬಂತು. ಸುಮಾರು ಹೊತ್ತು ಅಳು. ಮೊಬೈಲಲ್ಲಿ ಶ್ರುತಿಪೆಟ್ಟಿಗೆ ಇದೆ, ಗೊತ್ತು. ಅದನ್ನು ಹಾಕಿದರೆ ಪರೀಕ್ಷೆಗೆ ಕೂತ ಹಾಗಾಗುತ್ತದೆ. ಗೋಡೆ ನನ್ನನ್ನು ಏನೂ ಕೇಳುವುದಿಲ್ಲ.

ಮನೆಯಲ್ಲಿ ಏನೋ ಮೀನು ಕೊಳೆತ ವಾಸನೆ. ಅತ್ತೆಯ ಬುಟ್ಟಿ ಇನ್ನೊಮ್ಮೆ ತೊಳೆದಿಟ್ಟೆ.

ಸೆಪ್ಟೆಂಬರ್ 16, ಮಂಗಳವಾರ

ಬೋಟಿಂದ ಇವರ ಫೋನ್. ದಡದ ಹತ್ತಿರ ಬಂದಿದ್ದಾರೆ, ನೆಟ್‌ವರ್ಕ್ ಸಿಕ್ಕಿತಂತೆ.

"ಬಲ್ಬ್ ಮಿಣಮಿಣ ಅಂತಿತ್ತಂಬ್ರ್, ಅಮ್ಮ ಹೇಳ್ತ್. ಕಿಟ್ಟ ಬಂದಿದ್ನಾ?"

"ನಾಳೆ ಬತ್ತ ಅಂಬ್ರ್."

ಎಷ್ಟು ಸಲೀಸಾಗಿ ಬಂತು ಸುಳ್ಳು! ಅಶೋಕ್ ಪಾಪ, ನಂಬಿದರು. ನವರಾತ್ರಿ ಮುಗಿಯಲಿ, ಮಾರನೇ ದಿನವೇ ಕಿಟ್ಟ. ಅಷ್ಟರವರೆಗೆ ಯಾರಿಗೆ ಎಂತ ಆಗುತ್ತದೆ?

ಗೋಡೆ ಮುಟ್ಟಿದರೆ ಬೆಚ್ಚಗಿದೆ. ಚೆನ್ನಾಗಿದೆ. ವಾಸನೆ ಮಾತ್ರ ಹೋಗಿಲ್ಲ... ಫ್ರಿಜ್ಜಿನ ಹಿಂದೆ, ಬೆಂಚಿನ ಅಡಿ, ಎಲ್ಲ ಗುಡಿಸಿದೆ.

ಸೆಪ್ಟೆಂಬರ್ 19, ಶುಕ್ರವಾರ. ಸಂಜೆ

ಕರೆಂಟಿಲ್ಲ, ಮೇಣದ ಬತ್ತಿ ಬೆಳಕು. ಆದರೂ ಬರೆಯಬೇಕು.

ಇವತ್ತು ಗಾಳಿ ಜೋರು, ಇಲ್ಲಿನ ಬೋಟು ಹೋಗಿಲ್ಲ, ಇವರದು ದೂರದ ಬಂದರಿನಲ್ಲೇ ನಿಂತಿದೆಯಂತೆ, ಮನೆಗೆ ಮೀನೇ ಬಂದಿಲ್ಲ. ಅತ್ತೆ ಮನೆಯಲ್ಲೇ. ನಾನು ಸ್ನಾನಕ್ಕೆ ಅಂತ ಗೀಸರ್ ಹಾಕಿ ಗೋಡೆ ಹತ್ತಿರ ನಿಂತಿದ್ದೆ. ಅತ್ತೆ ಪಾತ್ರೆ ತೊಳೆಯುತ್ತಿದ್ದವರು ಮೂಗರಳಿಸಿದರು.

"ಇದ್ ಯಾವ ಮೀನ್ ಮರಾಯ್ತಿ? ಬಂಗುಡೆ ಅಲ್ಲ, ಬೂತಾಯಿ ಅಲ್ಲ. ಹುಟ್ಟಿದಾರಭ್ಯ ಮೀನಿನ ನಡೂಗೇ ಇದ್ದೆ. ಯಾವ ಮೀನೂ ಹೀಂಗ್ ನಾರುದಿಲ್ಲ."

ಮೂಸುತ್ತಾ ಮೂಸುತ್ತಾ ಸೀದಾ ಬಂದರು, ನನ್ನನ್ನು ಪಕ್ಕಕ್ಕೆ ಸರಿಸಿ. ಒದ್ದೆ ಕೈ ಬೋರ್ಡಿನ ಕಡೆ ಚಾಚಿದರು. "ಅತ್ತೇ!" ಅಂತ ಕಿರುಚಿ ಸೊಂಟ ಹಿಡಿದು ಎಳೆದೆ. ಇಬ್ಬರೂ ನೆಲಕ್ಕೆ. ಚಟ್ ಅಂತ ಕಿಡಿ, ಕರಿ ಹೊಗೆ. ಒಣ ಕೋಲಿಂದ ಮೇನ್ ಸ್ವಿಚ್ ಕೆಳಗೆ ಮಾಡಿದೆ.

ಅವರ ಕೈ ಇನ್ನು ಒಂದು ಗೇಣು ಮುಂದೆ ಹೋಗಿದ್ದರೆ... ದೇವರೇ.

ಸೆಪ್ಟೆಂಬರ್ 20

ಕಿಟ್ಟ ಬಂದ. ಬೋರ್ಡ್ ಬಿಚ್ಚಿದರೆ ಒಳಗೆ, ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವಯರ್ ಹಸಿರು ಹಸಿರು ಕಿಲುಬು. ಕಡಲ ಉಪ್ಪುಗಾಳಿ ತಿಂದಿದೆ. ಸ್ಕ್ರೂ ಸಡಿಲ, ಸುತ್ತ ಪ್ಲಾಸ್ಟಿಕ್ ಸುಟ್ಟು ಕಪ್ಪು. ಗೀಸರ್, ಗ್ರೈಂಡರಿನ ಲೋಡ್ ಬಿದ್ದಾಗ ಅಲ್ಲೇ ಅದುರಿ ಗುಂಯ್ ಅನ್ನುತ್ತಿತ್ತಂತೆ.

"ಈ ಪ್ಲಾಸ್ಟಿಕ್ ಬಿಸಿಯಾರೆ ಮೀನಿನ ವಾಸ್ನೆಯೇ ಬಪ್ಪುದ್ ಅಕ್ಕ. ಬೇರೆ ಮನೆಯವ್ರ್ ಬೇಗ ಹೆದ್ರಿ ಫೋನ್ ಮಾಡ್ತ್ರ್. ನಿಮ್ಮನೇಲಿ ಯಾರಿಗ್ ಗೊತ್ತಾತ್ತ್!" ನಕ್ಕ. ಆಮೇಲೆ ಕೇಳಿದ, "ಎಷ್ಟ್ ದಿನ ಆಯ್ತ್ ಈ ಶಬ್ದ?"

ಅತ್ತೆ ನನ್ನ ಮುಖ ನೋಡಿದರು. ತಡೆಯಲಿಲ್ಲ, ಎಲ್ಲ ಹೇಳಿಬಿಟ್ಟೆ. ಅಪ್ಪಯ್ಯನ ಸ್ವರ, ಗೀಸರ್, ಖಾಲಿ ಗ್ರೈಂಡರ್... ಕಿಟ್ಟ ಸ್ಕ್ರೂಡ್ರೈವರ್ ಹಿಡಿದು ಹಾಗೇ ನಿಂತ. ಅತ್ತೆ ಕಿಟ್ಟನಿಗೆ ಚಾ ಮಾಡಲು ಒಳಗೆ ಹೋದರು. ಎರಡು ಬೈದಿದ್ದರೆ ಚೆನ್ನಾಗಿತ್ತು.

ಹೊಸ ವಯರ್, ಹೊಸ ಸ್ವಿಚ್. ಗೀಸರ್ ಹಾಕಿ ಕಿವಿ ಕೊಟ್ಟೆ. ಏನಿಲ್ಲ. ಅಪ್ಪಯ್ಯ ಇನ್ನೊಮ್ಮೆ ಹೋದ ಹಾಗೆ ಅನಿಸಿತು.

ಸೆಪ್ಟೆಂಬರ್ 23, ಮಂಗಳವಾರ. ಮೂರ್ಸಂಜೆ

ಹಾಡಲು ಮೂರು ದಿನದಿಂದ ಪ್ರಯತ್ನ. ಗಾಳಿ ಬಿಟ್ಟರೆ ಬೇರೇನೂ ಬರುವುದಿಲ್ಲ. ಅತ್ತೆಗೂ ನನಗೂ ಎಷ್ಟು ಬೇಕೋ ಅಷ್ಟೇ ಮಾತು. ಇವತ್ತೇ ಮಂದಿರದಲ್ಲಿ ನಮ್ಮ ಸರದಿಯ ಭಜನೆ. ಈಗ ಸೀರೆ ಉಟ್ಟು, ಅಬ್ಬಲಿಗೆ ಮುಡಿದು, ಫೋನ್ ಕೈಗೆ ತೆಗೆದುಕೊಂಡೆ. ವನಜಕ್ಕನಿಗೆ ಹೇಳಿಬಿಡುವುದು, ರೆಕಾರ್ಡ್ ಹಾಕಿ ಅಂತ.

"ಫೋನ್ ಇಡ್."

ಅತ್ತೆ. ಅವರೂ ಸೀರೆ ಬದಲಿಸಿ ತಯಾರು. ಬಂದು ಆ ಗೋಡೆಗೆ ಬೆನ್ನು ಕೊಟ್ಟು ಕೂತರು. ಕಣ್ಣು ಮುಚ್ಚಿದರು, ಬಾಯಿ ಮುಚ್ಚಿದರು. ಹೂಂ...

ದೊರಗು ಸ್ವರ. ಪೇಟೆಯಲ್ಲಿ ಮೀನು, ಮೀನು ಅಂತ ಕೂಗಿ ಕೂಗಿ ಒಡೆದದ್ದು. ನಡುಗುತ್ತದೆ, ಕೆಳಗೆ ಜಾರುತ್ತದೆ, ಮತ್ತೆ ಹತ್ತುತ್ತದೆ.

"ನಿನ್ನ ಅಪ್ಪಯ್ಯ ಹೀಂಗೇ ಅಲ್ದಾ ಮಾಡ್ತಿದ್ದದ್ದ್? ನಾನ್ ಮಂದಿರದ ಕಂಬದ ಹಿಂದ್ ಕೂಕಂಡ್ ಕೇಣ್ತಿದ್ದೆ. ಇವತ್ತ್ ನಿನ್ನ ಬಗಲಗೇ ಕೂಕಂತೆ." ಒಂದು ಕಣ್ಣು ತೆರೆದರು. "ಗೀಸರ್ ಬೇಡ ಇನ್ನ್."

ನಗುವೋ ಅಳುವೋ ತಿಳಿಯಲಿಲ್ಲ. ಮುಖ ತೊಳೆದು ಬಂದು ಇದನ್ನು ಬರೆಯುತ್ತಿದ್ದೇನೆ. ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. ಮತ್ತೆ ಹಿಡಿದರು — ಹೂಂ... ಈ ಸಲ ಜಾರಲಿಲ್ಲ. ನನ್ನ ಗಂಟಲಲ್ಲಿ ಮೊದಲ ಸಾಲು, ಇದೋ, ತಾನಾಗಿಯೇ ಬರ್ತಾ—