ಬಿಸಿ ಆರದಷ್ಟು ದೂರ

ಏಪ್ರಿಲ್ ೮, ೨೦೨೪. ಬೆಳಿಗ್ಗೆ

ನನ್ನ ಅತಿಥಿಗೃಹದ ಮೂರೂ ಕೋಣೆಗಳ ಹೊದಿಕೆ ಒಗೆದದ್ದಾಯಿತು. ಬೇಸಿಗೆಯ ಅತಿಥಿಗಳ ಪತ್ರಗಳು ಶುರು. ಎಲ್ಲರದೂ ಒಂದೇ ರಾಗ: ಮೊದಲ ಮಹಾಯುದ್ಧದ ಯುದ್ಧಭೂಮಿ ನೋಡಲು ನಮ್ಮ ವೆರ್ಡನ್‌ನಲ್ಲಿ ಇಳಿಯುವುದೋ, ರೀಮ್ಸ್‌ನಲ್ಲೋ?

ಇವತ್ತಿನದೊಂದು ಬೇರೆ. ದೂರದ ದಕ್ಷಿಣದ ಪೆರಿಗೊದಿಂದ ಮದಾಂ ಕ್ಲೋತಿಲ್ದ್, ವಯಸ್ಸು ಎಂಬತ್ತಾರು. ‘ನಿಮ್ಮ ಒಲೆಯಿಂದ ವಾರ್ನೆಕೂರಿಗೆ ಎಷ್ಟು ನಿಮಿಷ?’

ಮನೆಯಿಂದಲ್ಲ, ಒಲೆಯಿಂದ! ಅರಳುಮರಳೇ ಇರಬೇಕು. ವಾರ್ನೆಕೂರಿನಲ್ಲಿ ಏನಿದೆ? ೧೯೧೬ರ ಫೆಬ್ರವರಿಯಲ್ಲಿ ಶೆಲ್ ಬಿದ್ದು ಊರೇ ಮಣ್ಣಾಯಿತು. ಮತ್ತೆ ಯಾರೂ ಕಟ್ಟಲಿಲ್ಲ. ಇರುವುದು ಒಬ್ಬ ಮೇಯರ್ ಮಾತ್ರ — ನಮ್ಮಣ್ಣ ಅಶಿಲ್. ಸರ್ಕಾರ ನೇಮಿಸಿದ್ದು. ಮತ ಹಾಕುವುದಕ್ಕೆ ನರಪಿಳ್ಳೆಯೂ ಇಲ್ಲ.

ಏಪ್ರಿಲ್ ೧೧

ರೀಮ್ಸ್‌ನಿಂದ ತಂಗಿ ಮಾದೊಳ ಫೋನು. ಅವಳದೂ ಅಲ್ಲಿ ಹೋಟೆಲು.

“ಅಕ್ಕಾ, ಆ ಅಜ್ಜಿ ನಂಗೂ ಬರ್ದಿದಾರೆ. ನಮ್ಮಲ್ಲಿ ಲಿಫ್ಟ್ ಇದೆ, ನೇರ ರೈಲಿದೆ. ನಿನ್ನ ಮೆಟ್ಲು ಹತ್ತಿಸಿ ಸಾಯಿಸ್ಬೇಡ ಪಾಪ.”

“ನಿನ್ನ ಲಿಫ್ಟು ಯುದ್ಧಭೂಮಿಗೂ ಹೋಗತ್ತೇನೆ?”

ಅಂದೆನೇನೋ ನಿಜ. ಆದರೆ ಅವಳ ಮಾತಲ್ಲಿ ಸುಳ್ಳಿಲ್ಲ. ಅಜ್ಜಿಗೆ ಇದ್ದದ್ದು ಇದ್ದಹಾಗೆ ಬರೆದೆ: ಇಪ್ಪತ್ತೆರಡು ನಿಮಿಷ. ಮೆಟ್ಟಿಲು ಹತ್ತೊಂಬತ್ತು.

ಏಪ್ರಿಲ್ ೩೦

ಉತ್ತರವಿಲ್ಲ. ಅಜ್ಜಿ ರೀಮ್ಸ್‌ನಲ್ಲೇ ಕೋಣೆ ಹಿಡಿದರಂತೆ. ಮಾದೊಳ ದನಿಯಲ್ಲಿ ಹಬ್ಬ. ಹೊಟ್ಟೆ ಉರಿಯಿತು, ಸುಳ್ಳೇಕೆ.

ಮೇ ೧೪, ಸಂಜೆ

ಬಾಗಿಲಲ್ಲಿ ಟ್ಯಾಕ್ಸಿ. ಹಿಡಿಯಷ್ಟು ಮೈಯ ಮುದುಕಿ — ಮದಾಂ ಕ್ಲೋತಿಲ್ದ್. ಕೈಯಲ್ಲಿ ಕೋಲು. ಎದೆಗೆ ಅವಚಿಕೊಂಡ ಚೀಲದಲ್ಲಿ ಗಾಜಿನ ಜಾಡಿ.

“ರೀಮ್ಸ್‌ನಿಂದ ವಾರ್ನೆಕೂರಿಗೆ ಒಂದೂವರೆ ಗಂಟೆಯಂತಲ್ಲಮ್ಮ! ಅಷ್ಟೊತ್ತಿಗೆ ತಣ್ಣಗಾಗೋಗುತ್ತೆ.”

“ಏನು ಮದಾಂ?”

“ಬ್ರೆಡ್ಡು.”

ಕೂತ ಮೇಲೆ ಹೇಳಿದರು. ಅವರ ಅಜ್ಜಿ ವಾರ್ನೆಕೂರಿನ ಬೇಕರಿಯವನ ಮಗಳು. ೧೯೧೬ರಲ್ಲಿ ಊರು ಬಿಡಲು ಸೈನ್ಯದವರು ಅರ್ಧ ಗಂಟೆ ಕೊಟ್ಟಿದ್ದರಂತೆ. ಆ ಬೇಕರಿಯವ ಬೇರೇನೂ ಎತ್ತಿಕೊಳ್ಳಲಿಲ್ಲ. ಬ್ರೆಡ್ಡು ಉಬ್ಬಿಸುವ ಹುಳಿಹಿಟ್ಟಿನ ಕುಡಿಕೆಯನ್ನು ಹನ್ನೆರಡು ವರ್ಷದ ಮಗಳ ಮಡಿಲಿಗೆ ಹಾಕಿದ. ಅದು ಸಾಯದಂತೆ ಅಂದಿನಿಂದ ದಿನಾ ಹಿಟ್ಟು, ನೀರು. ಅಜ್ಜಿ, ಅಮ್ಮ, ಈಗ ಇವರು. ಒಂದು ದಿನವೂ ತಪ್ಪಿಲ್ಲ.

“ಒಂದ್ಸಲ ಬಿಸಿ ಬ್ರೆಡ್ಡು ಮನೆಗೆ ಮುಟ್ಸೇ ಅಂತಿದ್ರು ಅಜ್ಜಿ. ಈ ವರ್ಷ ಆಗ್ದಿದ್ರೆ ಇನ್ನಾಗಲ್ಲ. ನಂಗೆ ಮಕ್ಕಳಿಲ್ಲ.”

ಊಟದ ಕೋಣೆಯಲ್ಲೇ ಮಂಚ ಹಾಕಿಸಿದೆ, ಮೆಟ್ಟಿಲ ಗೋಜೇ ಬೇಡ. ಜಾಡಿಯಲ್ಲಿದ್ದ ಆ ಹುಳಿಹಿಟ್ಟನ್ನು ನೋಡಿದೆ. ಸಣ್ಣ ಗುಳ್ಳೆ ಎದ್ದು ಒಡೆಯಿತು... ಇನ್ನೊಂದು. ಮೂವತ್ತು ವರ್ಷದಿಂದ ಜನರನ್ನು ಕೋಟೆ, ಸಮಾಧಿಗಳಿಗೆ ಕಳಿಸುತ್ತಿದ್ದೇನೆ. ಆ ಊರಿನದು ಏನೋ ಇನ್ನೂ ಉಸಿರಾಡುತ್ತಿದೆ ಎಂದು ಗೊತ್ತೇ ಇರಲಿಲ್ಲ.

ಮೇ ೧೬

ಒಲೆಯಿಂದ ಬ್ರೆಡ್ಡು ತೆಗೆದದ್ದು ೧೦.೧೦ಕ್ಕೆ. ಎರಡು ಟವಲು, ಮೇಲೆ ಉಣ್ಣೆಯ ಶಾಲು. ಕಾರು ಓಡಿಸುವಾಗ ಒಂದೇ ಭಯ — ಟ್ರ್ಯಾಕ್ಟರು ಅಡ್ಡ ಬಂದರೆ?

ವಾರ್ನೆಕೂರಿನಲ್ಲಿ ಅಶಿಲ್ ಮೇಯರಿನ ಮೂರು ಬಣ್ಣದ ಪಟ್ಟಿ ತೊಟ್ಟು ಕಾದಿದ್ದ. “ದಾರಿ ಬಿಟ್ಟು ಇಳೀಬೇಡಿ ಮದಾಂ, ಮಣ್ಣಲ್ಲಿ ಶೆಲ್ಲುಗಳು ಇನ್ನೂ ಇವೆ.” ಎರಡೂ ಕಡೆ ಹುಲ್ಲು ಹೊದ್ದ ಗುಂಡಿಗಳು. ಮನೆಗಳಿದ್ದ ಕಡೆ ಒಂದೊಂದು ಗೂಟ: ಕಮ್ಮಾರ. ಶಾಲೆ. ಬೇಕರಿ.

ಅಲ್ಲಿ ನಿಂತು ಮದಾಂ ಶಾಲಿನೊಳಗೆ ಅಂಗೈ ಇಟ್ಟರು. “ಬಿಸಿ ಇದೆ.” ಬ್ರೆಡ್ಡು ಮಗುಚಿ, ಕೊಯ್ಯುವ ಮೊದಲು ದೇವರ ಹೆಸರಲ್ಲಿ ಚಾಕುವಿನ ತುದಿಯಿಂದ ತಳಕ್ಕೆ ಶಿಲುಬೆಯ ಗುರುತು ಗೀರಿದರು. ನಮ್ಮಮ್ಮನೂ ಹಾಗೇ ಮಾಡುತ್ತಿದ್ದಳು.

ಅಶಿಲ್ ಟೋಪಿ ತೆಗೆದ. “ನೂರ ಎಂಟು ವರ್ಷ ಆಯ್ತು ಅಂಗಡಿ ಮುಚ್ಚಿ. ಮೊದಲ ಗಿರಾಕಿ ನಾನೇ ಮದಾಂ.”

“ಸಾಲ ಇಲ್ಲ ಮತ್ತೆ!” ಎಂದರು. ನಗುತ್ತಲೇ ಅತ್ತರು.

ಕೊಯ್ದಾಗ ಆವಿ ಎದ್ದಿತು. ಮೂವರೂ ಅದು ಕಾಣದಾಗುವವರೆಗೆ ನೋಡುತ್ತಿದ್ದೆವು. ಇಂಥದ್ದು ಇನ್ನೊಮ್ಮೆ ನೋಡಲು ಸಿಗದು. ನೋಡಿದ್ದೇ ಪುಣ್ಯ.

ಮೇ ೧೮

ಹೊರಟರು. ಜಾಡಿ ನನ್ನ ಅಡುಗೆಮನೆಯಲ್ಲೇ ಉಳಿಯಿತು. ಮರೆತರೆಂದು ಟ್ಯಾಕ್ಸಿಯ ಹಿಂದೆ ಓಡಿದೆ.

“ಮರೆತಿಲ್ಲಮ್ಮ. ಬಿಸಿ ಆರೋದ್ರೊಳಗೆ ಅಲ್ಲಿಗೆ ಹೋಗೋಳು ನೀನೇ ತಾನೆ?”

ಕಿಟಕಿ ಏರಿಸಿಬಿಟ್ಟರು. ಬೇಡವೆನ್ನಲೂ ಬಿಡಲಿಲ್ಲ.

ಮೇ ೧೯, ಬೆಳಿಗ್ಗೆ ೬

ಜಾಡಿಗೆ ಎರಡು ಚಮಚ ಹಿಟ್ಟು. ಉಗುರುಬೆಚ್ಚಗಿನ ನೀರು. ಸತ್ತುಗಿತ್ತರೆ?

ಅಶಿಲ್ ಫೋನು. “ಇಷ್ಟೊತ್ತಿಗೇ ಎದ್ದು ಏನೇ ಮಾಡ್ತಿದೀಯ?”

“ನಿನ್ನ ಊರಿಗೆ ಊಟ ಹಾಕ್ತಿದೀನಿ.”

ಆ ಕಡೆ ಮೂಗು ಒರೆಸಿಕೊಂಡ ಸದ್ದು.

೭.೩೦ — ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆಯ ಕೆಳಗೆ ಹಿಟ್ಟು ಮೆಲ್ಲಗೆ ಉಬ್ಬುತ್ತಿದೆ —