ಅಪ್ಪ ಕಡಿದಿಟ್ಟ ಬಿದಿರು

ಮೇ ೧೪, ಕಾರ್ಕ್

ಅಪ್ಪನ ಬಿದಿರು ಇಂದು ನನ್ನ ಕೈಯಲ್ಲೇ ಸೀಳಿತು. ಹಂದಿ ಬೇಟೆ ನಿಂತು ಎಷ್ಟೋ ವರ್ಷವಾದರೂ ಅವರು ಬಾಣ ಮಾಡುವುದನ್ನು ಬಿಟ್ಟಿರಲಿಲ್ಲ. ನನ್ನ ಮಗಳು ತನ್ವಿಗೆಂದು ಮೂರು ಕಡ್ಡಿ ಕಡಿದು ನೆರಳಲ್ಲಿಟ್ಟರು, ಅವು ಒಣಗುವ ಮೊದಲೇ ಹೋಗಿಬಿಟ್ಟರು. ತಿಥಿಗೆ ಊರಿಗೆ ಹೋದಾಗ ಸೂಟ್‌ಕೇಸಿನಲ್ಲಿ ಇಲ್ಲಿಗೆ ತಂದಿದ್ದೆ.

"ಗಿಣ್ಣು ಚೆನ್ನಾಗಿ ಕಾಯೋವರ್ಗೂ ಬಗ್ಗಿಸ್ಬೇಡ ಕಣವ್ವ" ಎನ್ನುತ್ತಿದ್ದರು. ಮಧ್ಯಾಹ್ನ ಹಿತ್ತಲಲ್ಲಿ, ಸೊಟ್ಟ ತೆಗೆಯಲೆಂದು ಒಂದು ಕಡ್ಡಿಯನ್ನು ಬಾರ್ಬೆಕ್ಯೂ ಕೆಂಡದ ಮೇಲೆ ಹಿಡಿದಿದ್ದೆ. ಒಳಗೆ ತನ್ವಿ ಎದ್ದು ಅತ್ತಳು. ಗಾಬರಿಯಲ್ಲಿ ಅರೆಕಾದ ಗಿಣ್ಣನ್ನೇ ಒತ್ತಿಬಿಟ್ಟೆ.

"ಗ್ರ್ಯಾಂಡ್, ಏನಾಗಲ್ಲ ಬಿಡೇ. ಗಾರ್ಡನ್ ಸೆಂಟರಿಂದ ಒಂದು ಕಟ್ಟೇ ತರ್ತೀನಿ" ಎಂದ ಆಫೀಸಿನಿಂದ ಬಂದ ಗಂಡ ಮಿಥುನ್. ಕೂಗಾಡಿದೆ. ಪಾಪ, ಅವನೇನು ಮಾಡಿದ?

ಉಳಿದೆರಡು ಸೊಟ್ಟಗೇ ಇರಲಿ, ಮುಟ್ಟುವುದಿಲ್ಲ. ಕಾಯಿಸಿದ ಮೇಲೆ ಅಪ್ಪ ಒಂದು ಕಣ್ಣು ಮುಚ್ಚಿ ಕಡ್ಡಿಯುದ್ದಕ್ಕೂ ನೋಡುತ್ತಿದ್ದರು. ಎಡಗಣ್ಣೋ, ಬಲಗಣ್ಣೋ? ನೆನಪಾಗುತ್ತಿಲ್ಲ. ಅಮ್ಮನನ್ನು ಕೇಳಬಹುದು. ಕೇಳಿದರೆ ಅವಳು ಅಳುತ್ತಾಳೆ, ಆಮೇಲೆ ನಾನೂ...