ಬಾಂಬ್ ಇಡುವ ಗುಳಿ

ನವೆಂಬರ್ 11, ಮಂಗಳವಾರ

ಕರೆಂಟ್ ಬಂದದ್ದು ಹತ್ತೂವರೆಗೆ. ಅಷ್ಟರಲ್ಲಿ ನಮ್ಮಲ್ಲಿ ಕೆಲಸಕ್ಕಿರುವ ಸಿದ್ದಮ್ಮ ಆಟಿಕೆ ವಿಮಾನದ ರೆಕ್ಕೆಗಳಿಗೆಲ್ಲ ಉಪ್ಪುಕಾಗದ ಉಜ್ಜಿ ಮುಗಿಸಿದ್ದಳು. ಲೇತ್ ತಿರುಗಿದ ಮೇಲೆ ಅಬ್ಬಾ ಕೂತರು. ವಿಮಾನದ ಮೈಗೆ ಅರಗಿನ ಕಡ್ಡಿ ಒತ್ತಿ ಬೂದು ಬಣ್ಣ, ಮೇಲೆ ಕೇದಗೆ ಗರಿಯ ಹೊಳಪು. ಎಪ್ಪತ್ತೊಂಬತ್ತು ವರ್ಷ. ಇನ್ನೂ ದಿನಾ ಅಬ್ಬಾರೇ ಲೇತಿಗೆ ಕೂರುವುದು.

ಮುನ್ನೂರು ಡಬ್ಬಿಯ ಆರ್ಡರ್. ಡಿಸೆಂಬರ್ ಕೊನೆಗೆ ಬೆಂಗಳೂರಿನಲ್ಲಿ ಪ್ರದರ್ಶನ — ಇಪ್ಪತ್ತನೇ ಶತಮಾನದ ಯುದ್ಧಗಳಲ್ಲಿ ವಿಮಾನ. ಅಲ್ಲಿ ಮಾರಲು. ಡಬ್ಬಿಗೆ ಮೂರು ವಿಮಾನ, ನಾಲ್ಕನೇ ಗುಳಿಯಲ್ಲಿ ಒಂದು ಬುಗುರಿ. ವಿಮಾನದ ಜೊತೆ ಬುಗುರಿ ಯಾಕೋ... ನಮಗೇನು. ಬುಗುರಿ ಅಂದರೆ ಅಬ್ಬಾಗೆ ಖುಷಿ.

ಎಂದಿನಂತೆ ಸ್ಯಾಂಪಲ್ಲುಗಳನ್ನೆಲ್ಲ ತುಟಿಗೆ ಸವರಿ ನೋಡಿದರು. ಬೆರಳಿನ ಚರ್ಮ ದಪ್ಪವಾಗಿದೆ, ಸಣ್ಣ ಗೀರು ತಿಳಿಯುವುದಿಲ್ಲ, ತುಟಿಗೆ ತಿಳಿಯುತ್ತದೆ. ನಮ್ಮ ಸಾಮಾನು ಕೊನೆಗೆ ಹೋಗುವುದು ಮಗುವಿನ ಬಾಯಿಗೇ ತಾನೆ. ಎಲ್ಲ ಪಾಸ್. ಕೊರಿಯರ್ ಮಾಡಿದೆ.

ನವೆಂಬರ್ 17, ಮಧ್ಯಾಹ್ನ

ಅಶ್ವಥ್ ಅವರ ಮೇಲ್. ಪ್ರದರ್ಶನದ ಖರೀದಿ ಎಲ್ಲ ಅವರದೇ. ವಿಮಾನ ಚೆನ್ನಾಗಿವೆಯಂತೆ. ಆದರೆ “ಬಾಂಬ್” ಚೈಲ್ಡ್ ಸೇಫ್ ಅಲ್ಲವಂತೆ.

ಯಾವ ಬಾಂಬ್? ಅವರು ಕಳಿಸಿದ್ದ ಡ್ರಾಯಿಂಗ್ ಮತ್ತೆ ತೆಗೆದು ನೋಡಿದೆ. ತಲೆ ದಪ್ಪ, ಬುಡ ಸಣ್ಣ. ಪಕ್ಕದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬಾಂಬ್ ಎಂದು ಬರೆದಿದೆ. ನನ್ನ ಸಹಿಯೂ ಅದರ ಕೆಳಗೇ ಇದೆ. ಥೂ! ಬುಗುರಿ ಅಂದುಕೊಂಡೆನಲ್ಲ... ಈ ಚನ್ನಪಟ್ಟಣದಲ್ಲಿ ಹುಟ್ಟಿದವರಿಗೆ ಅದು ಇನ್ನೇನಾಗಿ ಕಂಡೀತು?

ಮಗು ನುಂಗಿದರೆ ಅಪಾಯವಂತೆ. ಆದ್ದರಿಂದ ಬಾಂಬನ್ನು ಇನ್ನೂ ದೊಡ್ಡದಾಗಿ, ಬಾಯೊಳಗೆ ಹೋಗದಷ್ಟು ದೊಡ್ಡದಾಗಿ ಮಾಡಿಕೊಡಬೇಕಂತೆ. ಡಬ್ಬಿಯ ಗುಳಿಯನ್ನೂ ದೊಡ್ಡದು ಮಾಡಿಸುತ್ತಾರಂತೆ. ಮೂರು ಸಲ ಓದಿದೆ. ಮಕ್ಕಳ ಮೇಲೆ ಎಷ್ಟು ಕಾಳಜಿ ಮಾರಾಯ ಇವನಿಗೆ! ಬಾಂಬಿನಿಂದ ಮಗುವಿಗೆ ಬರುವ ಅಪಾಯ ಅಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು. ಅಷ್ಟೇ.

ನವೆಂಬರ್ 18

ಅಬ್ಬಾಗೆ ಹೇಳಿದೆ. ಲೇತ್ ನಿಲ್ಲಿಸಿದರು. ಮಿಕ್ಕಿದ್ದ ಸ್ಯಾಂಪಲ್ ಬಾಂಬ್ ಒಂದನ್ನು ಕೈಗೆತ್ತಿಕೊಂಡರು. ಇದನ್ನಾ ನಾನು ತುಟಿಗೆ ಇಟ್ಟದ್ದು ಎಂದರು. ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದರು. ಒಂದು ಸಲವಲ್ಲ.

ಆಮೇಲೆ ಬದ್ರುನ್ನೀಸಾ ವಿಷಯ. ವರ್ಷಕ್ಕೊಮ್ಮೆ, ಸತ್ತವರಿಗಾಗಿ ಫಾತಿಹಾ ಓದುವ ದಿನ, ಹೆಸರು ಕೇಳಿದ್ದೆ. ಅಬ್ಬಾರ ಅಕ್ಕ, ಚಿಕ್ಕವಳಿದ್ದಾಗಲೇ ಹೋದಳು ಎಂದಷ್ಟೇ ಗೊತ್ತಿತ್ತು. ಪೂರ್ತಿ ಕೇಳಿದ್ದು ಇವತ್ತೇ. ಅಬ್ಬಾ ಉರ್ದುವಿನಲ್ಲಿ ಹೇಳಿದ್ದು, ನಾನು ಕನ್ನಡ ಮೀಡಿಯಂ, ಬರೆಯಲು ಬರುವುದು ಇದೇ.

ಅಬ್ಬಾರ ಅಪ್ಪ, ನನ್ನ ದಾದಾ, ರಂಗೂನಿನಲ್ಲಿ ಮಂಚದ ಕಾಲು ಕಡೆಯುವ ಕೆಲಸಕ್ಕಿದ್ದರು. ಹೆಂಡತಿ, ಅಂದರೆ ನನ್ನ ದಾದಿ, ಮತ್ತು ಆರು ವರ್ಷದ ಮಗಳು ಬದ್ರುನ್ನೀಸಾ ಜೊತೆಗೆ. 1941, ಡಿಸೆಂಬರ್ 23. ಸೈರನ್ ಕೂಗಿತು. ಅಡಗಬೇಕೆಂದು ಯಾರಿಗೆ ಗೊತ್ತು? ಬೀದಿಗೆ ಬೀದಿಯೇ ವಿಮಾನ ನೋಡಲು ಹೊರಗೆ ಬಂದು ನಿಂತಿತು. ಅವಳೂ ಬಂದಳು. ಕತ್ತೆತ್ತಿ ಎಣಿಸುತ್ತಿದ್ದಳಂತೆ. ಇಪ್ಪತ್ತರವರೆಗೆ ಮಾತ್ರ ಬರುತ್ತಿತ್ತು, ಇಪ್ಪತ್ತಾದ ಮೇಲೆ ಮತ್ತೆ ಒಂದರಿಂದ. ದಾದಿ ಒಳಗೆ ಒಲೆ ಮುಂದೆ ಕೂತು ಆ ಎಣಿಕೆ ಕೇಳಿಸಿಕೊಳ್ಳುತ್ತಿದ್ದರು. ಎರಡನೇ ಸಲ ಏಳಕ್ಕೆ ಬಂದಿತ್ತು, ಅಲ್ಲಿಗೇ ನಿಂತಿತು.

ಅಲ್ಲಿಂದ ನಡೆದೇ ಬಂದರು ಇಬ್ಬರೂ. ಐದು ವರ್ಷದ ಮೇಲೆ ಇಲ್ಲಿ ಅಬ್ಬಾ ಹುಟ್ಟಿದರು. ನೋಡೇ ಇರದ ಅಕ್ಕ.

ಬಾಂಬ್ ಮಾಡುವುದಿಲ್ಲ ಎಂದರು. ಅಷ್ಟೇ ಮಾತು.

ನವೆಂಬರ್ 20

ಡಬ್ಬಿಯೊಳಗೆ ಇಡುವ ಪುಸ್ತಿಕೆ ಬಂತು. ಕನ್ನಡದಲ್ಲೂ ಇದೆ, ನುಣುಪು ಕಾಗದ. ಯಾವ ವಿಮಾನ ಎಷ್ಟು ಎತ್ತರ ಹಾರುತ್ತದೆ, ಎಷ್ಟು ವೇಗ, ಹೊಟ್ಟೆಯಲ್ಲಿ ಎಷ್ಟು ಕೆ.ಜಿ. ಹೊರುತ್ತದೆ, ಎಲ್ಲ ಇದೆ. 1911ರಲ್ಲಿ ಒಬ್ಬ ಪೈಲಟ್ ಲಿಬಿಯಾದ ಮೇಲೆ ಹಾರುತ್ತ ಕೈಯಿಂದಲೇ ಬಾಂಬ್ ಎಸೆದನಂತೆ, ಅದೇ ಮೊದಲು. ಅವನ ಹೆಸರಿದೆ, ಫೋಟೋ ಇದೆ. ಕೆಳಗೆ ಯಾರಿದ್ದರು? ಅದಿಲ್ಲ. ಲಂಡನ್, ಡ್ರೆಸ್ಡೆನ್, ಟೋಕಿಯೊ, ಹಿರೋಶಿಮಾ, ಹನೋಯ್... ಊರಿನ ಹೆಸರಿಗೆ ಬರವಿಲ್ಲ, ಒಬ್ಬ ಮನುಷ್ಯನಿಲ್ಲ. ಖಾಲಿ ಊರಿನ ಮೇಲೆ ಸುರಿದರೇ ಇಷ್ಟನ್ನೂ?

ಹದಿನಾಲ್ಕನೇ ಪುಟ. “ರಂಗೂನ್, 1941: ಬಂದರು ಮತ್ತು ನಗರದ ಮೇಲೆ ಯಶಸ್ವಿ ದಾಳಿ.”

ಯಶಸ್ವಿ! ಮೈ ಉರಿದುಹೋಯಿತು. ಪುಸ್ತಿಕೆಯನ್ನು ಅಬ್ಬಾಗೆ ತೋರಿಸಲಿಲ್ಲ. ಅವರೇ ಕನ್ನಡಕ ಹಾಕಿಕೊಂಡು ಓದಿದರು.

ನವೆಂಬರ್ 21

ಅಶ್ವಥ್‌ಗೆ ಫೋನ್ ಮಾಡಿದೆ. ಪುಸ್ತಿಕೆಗೆ ಸೇರಿಸಿ ಎಂದು ಅಬ್ಬಾ ಕೇಳಿದ್ದು ಒಂದೇ ಸಾಲು. ವಿಮಾನ ನೋಡಲು ಬಂದು ನಿಂತಿದ್ದ ಜನ ಸತ್ತರು, ಅವರಲ್ಲಿ ಒಬ್ಬಳ ಹೆಸರು ಬದ್ರುನ್ನೀಸಾ, ವಯಸ್ಸು ಆರು. ಹದಿನಾಲ್ಕನೇ ಪುಟದಲ್ಲಿ ಕೆಳಗೆ ಬೇಕಾದಷ್ಟು ಜಾಗವಿದೆ.

ಸಿಟ್ಟು ಮಾಡಿಕೊಳ್ಳಲಿಲ್ಲ ಅವರು. ಮಾಡಿಕೊಂಡಿದ್ದರೆ ಒಸಿ ಸಮಾಧಾನವಿರುತ್ತಿತ್ತು. ತಂದೆಯವರ ಭಾವನೆ ಅರ್ಥವಾಗುತ್ತದೆ ಎಂದರು. ದಾಖಲೆ ಇದ್ದರೆ ಕಳಿಸಿ ಎಂದರು. ಡೆತ್ ಸರ್ಟಿಫಿಕೇಟ್ ಇರಬಹುದೇ? — ಸುಡುವ ಬೀದಿಯಲ್ಲಿ ಯಾರು ಕೊಟ್ಟಾರು ಸರ್ಟಿಫಿಕೇಟ್? ಕೊನೆಗೆ ಹೇಳಿದ್ದು ಇದು:

“ಮೇಡಂ, ಇದು ಏರ್ ಪವರ್ ಬಗ್ಗೆ ಇರೋ ಎಕ್ಸಿಬಿಷನ್. ಕೆಳಗಿದ್ದವರ ಬಗ್ಗೆ ಅಲ್ಲ.”



ನವೆಂಬರ್ 22

ಅಬ್ಬಾ ಜೊತೆ ಜಗಳ. ಬಾಂಬಿನ ಗುಳಿಯನ್ನು ತಾನೇ ತುಂಬುತ್ತೇನೆ ಅಂತಾರೆ. ಏನಿಂದ? ಅಕ್ಕನಿಂದ. ಡಬ್ಬಿಗೊಂದು ಗೊಂಬೆ, ಕತ್ತೆತ್ತಿ ನಿಂತ ಹುಡುಗಿ, ಬುಡದಲ್ಲಿ ಹೆಸರು.

ಹುಚ್ಚಾ ನಿಮಗೆ ಎಂದೆ. ಮಾಲು ವಾಪಸ್ ಬರುತ್ತದೆ, ಮುಂದೆ ಒಂದು ಆರ್ಡರ್ ಹುಟ್ಟುವುದಿಲ್ಲ, ಸಿದ್ದಮ್ಮನನ್ನು ಮನೆಗೆ ಕಳಿಸಬೇಕಾಗುತ್ತದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಪೂರ್ತಿ ಕೇಳಿಸಿಕೊಂಡರು.

“ನನ್ನ ಅಮ್ಮಿ, ನಿನ್ನ ದಾದಿ, ಹೋದಳು. ನಾಳೆ ನಾನು ಹೋಗ್ತೀನಿ. ಆಮೇಲೆ ಈ ಹೆಸರು ಯಾರ ಬಾಯಲ್ಲಿರತ್ತೆ ಬೇಟಾ? ನಿನ್ನ ಬಾಯಲ್ಲಾ? ನಿನಗೆ ಇದೇ ವಾರ ಗೊತ್ತಾಗಿದ್ದು.”

ಚುಚ್ಚಿತು. ಅಡುಗೆಮನೆಗೆ ಹೋಗಿ ಅತ್ತೆ. ಅವರ ಮೇಲಿನ ಸಿಟ್ಟಲ್ಲ. ಸರಿಯಾಗಿಯೇ ಹೇಳಿದರು.

ಸಂಜೆ: ಗೊಂಬೆಗಳಿಗೆ ಬೇಕಾದ ಆಲೆ ಮರದ ತುಂಡುಗಳನ್ನು ನಾನೇ ಅಳತೆ ಮಾಡಿ ಕುಯ್ದುಕೊಟ್ಟೆ. ಹೊಸ ಗುಳಿಯ ಅಳತೆಗೆ ಸರಿಯಾಗಿ.

ಡಿಸೆಂಬರ್ 2

ಕತ್ತು ಏಳುತ್ತಿಲ್ಲ. ಲೇತಿನಲ್ಲಿ ಕಡೆದ ಗೊಂಬೆ ನೇರ ಮುಂದಕ್ಕೇ ನೋಡುತ್ತದೆ, ನಮ್ಮ ಊರಿನ ಗೊಂಬೆಗಳೆಲ್ಲ ಹಾಗೇ. ಮೇಲೆ ನೋಡಬೇಕಾದರೆ ತಲೆ ಬೇರೆ ಕಡೆಯಬೇಕು, ಕತ್ತನ್ನು ಓರೆ ಕುಯ್ಯಬೇಕು, ಮೊಳೆಯಂಥ ಕಡ್ಡಿ ಹಾಕಿ ಕೂರಿಸಬೇಕು. ಹನ್ನೊಂದು ಹಾಳಾದವು. ಹನ್ನೆರಡನೆಯದು ನಿಂತಿತು.

ಸಿದ್ದಮ್ಮನಿಗೆ ನಾವಿನ್ನೂ ಏನೂ ಹೇಳಿರಲಿಲ್ಲ. ಕಣ್ಣು ಬರೆಯಲು ಎತ್ತಿಕೊಂಡು ನನ್ನನ್ನು ಕೇಳಿದಳು.

“ಯಾರ ಕೂಸು ಅತಿಯಮ್ಮ ಇದು? ಆಕಾಸ ನೋಡ್ತಾ ನಿಂತೈತಲ್ಲ, ಕತ್ತು ನೋಯಾಕಿಲ್ವಾ?”

ಹೇಳಿದೆ. ಬ್ರಷ್ ಕೆಳಗಿಟ್ಟಳು. ಆಮೇಲೆ ಮತ್ತೆ ಎತ್ತಿಕೊಂಡು ಕಣ್ಣು ಬರೆದಳು. ಅಗಲ ಕಣ್ಣು.

ಡಿಸೆಂಬರ್ 20, ಶನಿವಾರ

ಹದಿನೆಂಟು ದಿನ ಬರೆಯಲಿಲ್ಲ. ಬರೆಯುವ ಬೆರಳಿನಲ್ಲೇ ಕಾಯಿಸಿದ ಕಂಬಿ ಹಿಡಿದು ಮುನ್ನೂರು ಬುಡದ ಮೇಲೆ ಹೆಸರು ಸುಟ್ಟೆ. ಬದ್ರುನ್ನೀಸಾ, 6, ರಂಗೂನ್. ಮುನ್ನೂರು ಸಲ.

ಅಬ್ಬಾ ಎಲ್ಲವನ್ನೂ ತುಟಿಗೆ ಸವರಿ ನೋಡಿದರು. ಕೊನೆಯದನ್ನು ಸವರಿ ಒಸಿ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

ಡಬ್ಬಿ ಮುಚ್ಚಿದೆವು. ಟೆಂಪೊ ಹೋಯಿತು. ಭಯವಿದೆ. ಇರಲಿ. ಸುಳ್ಳು ಬರೆದವರಿಗೇ ಇಲ್ಲದ ಭಯ ನನಗೆ ಯಾಕೆ?

ಡಿಸೆಂಬರ್ 23, ಹನ್ನೊಂದು ಗಂಟೆ

ಬೆಳಿಗ್ಗೆ ಫಾತಿಹಾ ಆಯಿತು. ಈ ಸಲ ಸಿದ್ದಮ್ಮನೂ ಬಾಗಿಲ ಬಳಿ ನಿಂತಿದ್ದಳು.

ಈಗ ಅಶ್ವಥ್ ಫೋನ್. ನಮಸ್ಕಾರವೂ ಇಲ್ಲ. ಮುನ್ನೂರು ಬಾಂಬ್ ಎಲ್ಲಿ? ನಲವತ್ತು ಡಬ್ಬಿ ಮಾರಾಟವಾದ ಮೇಲೆ ಗೊತ್ತಾಗಿದೆ. ಯಾವುದೋ ಮಗು ಬುಡ ತಿರುಗಿಸಿ ಗಟ್ಟಿಯಾಗಿ ಓದಿತಂತೆ, ಯಾರಿದು ಎಂದು ಸಿಬ್ಬಂದಿಯನ್ನೆಲ್ಲ ಕೇಳುತ್ತ ಹಾಲ್ ಸುತ್ತಿತಂತೆ. ಉಳಿದ ಮಾಲು ವಾಪಸ್, ಇನ್ನು ನಮ್ಮ ಹತ್ತಿರ ವ್ಯವಹಾರವಿಲ್ಲ. “ಯಾರ್ರೀ ಇವಳು?” ಎಂದು ಕಿರುಚಿದರು.

ಫೋನನ್ನು ಅಬ್ಬಾಗೆ ಕೊಟ್ಟೆ. ಕೇಳಿದ್ದಾರೆ, ಹೇಳಿ ಎಂದೆ.

ಲೇತ್ ಬಿಟ್ಟು ಎದ್ದು ನಿಂತರು. ಟೋಪಿ ಸರಿಮಾಡಿಕೊಂಡರು.

“ನಮ್ಮ ಅಕ್ಕ ಸಾರ್ ಅವ್ಳು. ಆರು ವರ್ಸದೋಳು. ಇಪ್ಪತ್ತರ ತನಕ ಎಣಿಸಕ್ಕೆ ಬತ್ತಿತ್ತು...”

ಫೋನಿನ ಬೆಳಕು ಆರಿದೆ. ಆ ಕಡೆ ಎಷ್ಟೋ ಹೊತ್ತಿಗೆ ಮುಂಚೆಯೇ ಇಟ್ಟಿದ್ದಾರೆ. ಅಬ್ಬಾಗೆ ಆ ಕಿವಿ ಮಂದ, ತಿಳಿದಿಲ್ಲ. ಹೇಳುತ್ತಲೇ ಇದ್ದಾರೆ. ಸಿದ್ದಮ್ಮ ಮೋಟರ್ ಆಫ್ ಮಾಡಿ ಕೇಳುತ್ತಿದ್ದಾಳೆ. ನಾನು ಬರೆದುಕೊಳ್ಳುತ್ತಿದ್ದೇನೆ, ಒಂದು ಮಾತೂ ಬಿಡದಂತೆ. ಸೈರನ್ ಆಯಿತು. ಬೀದಿ ತುಂಬಿತು. ಎಣಿಸುತ್ತಿದ್ದಾರೆ ಅಬ್ಬಾ, ಅವಳ ಹಾಗೆ. ಇಪ್ಪತ್ತಾಯಿತು. ಮತ್ತೆ ಒಂದರಿಂದ. ನಾಲ್ಕು, ಐದು, ಆರು —